ಬಚ್ಚಲ ಗೋಡೆಯ ಮೇಲಿನ ಗೆರೆ

ನನ್ನ ಚಿತ್ರಗಳು ಆಯ್ಕೆಯಾಗಲಿಲ್ಲ ಎಂಬ ಸುದ್ದಿ ಮೊಬೈಲಿಗೆ ಬಂದಾಗ ನಾನು ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸು ಕಾಯುತ್ತ ನಿಂತಿದ್ದೆ. ಬಸ್ಸು ಹತ್ತಿ ಕೂತಾಗಿತ್ತೋ ಏನೋ. ನಿಂತಿದ್ದೆ ಅಂತಲೇ ಇಟ್ಟುಕೊಳ್ಳೋಣ. ಬರೆಯುವುದಕ್ಕೆ ಅದು ಹೆಚ್ಚು ಒಪ್ಪುತ್ತದೆ; ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಬೆಂಗಳೂರಿನ ಆ ಪ್ರದರ್ಶನದವರು ಹಿಂದೆಯೂ ಬೇಡ ಅಂದಿದ್ದರು. ಈ ಸಲ ಸಮಿತಿಯವರೊಬ್ಬರು ಫೋನು ಮಾಡಿ ಕಾರಣವನ್ನೂ ಹೇಳಿದರು. ನನ್ನದು ಜನಪದವೂ ಅಲ್ಲ, ಆಧುನಿಕವೂ ಅಲ್ಲ, ನಡುವೆ ಎಲ್ಲೋ ನಿಂತುಬಿಟ್ಟಿದೆಯಂತೆ. ನಯವಾಗಿಯೇ ಹೇಳಿದರು. ನಯವಾಗಿ ಹೇಳಿದ್ದು ಹೆಚ್ಚು ದಿನ ಉಳಿಯುತ್ತದೆ.

ನಾನು ಮಾಡುತ್ತಿದ್ದದ್ದು ಇಷ್ಟು. ನಮ್ಮ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ಗೆರೆಗಳನ್ನು ಕಾಗದಕ್ಕೆ ತಂದು, ಒಂದು ಕಡೆ ಕಡಿದು, ಕಡಿದಲ್ಲಿ ಖಾಲಿ ಬಿಡುವುದು. ಆ ಖಾಲಿ ಜಾಗವೇ ನನ್ನ ಚಿತ್ರ ಅಂದುಕೊಂಡಿದ್ದೆ. ಫೋನು ಇಟ್ಟ ಮೇಲೆ, ಅದು ಬರೀ ಖಾಲಿಯೇ ಇರಬಹುದಲ್ಲ ಅನ್ನಿಸಿತು. ಇನ್ನು ಬರೆಯಬೇಕೋ ಬಿಡಬೇಕೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಬಿಡುವುದೇ ಸರಿ ಅನ್ನುವಷ್ಟರಲ್ಲಿ ಊರು ಬಂತು.

ಹೊಸನಗರದ ರಸ್ತೆಯಿಂದ ಒಳಗಿರುವ ಆ ಊರಿನಲ್ಲಿ ಅಪ್ಪನ ಅಕ್ಕನ ಮನೆ. ಅತ್ತೆಯ ಕಿರಿಮಗನ ಮದುವೆ. ಮದುಮಕ್ಕಳನ್ನು ಕೂರಿಸುವ ಹಸೆಗೋಡೆಯ ಚಿತ್ತಾರ ಪ್ರತಿ ಸಲ ಅತ್ತೆಯದೇ. ಆ ವರ್ಷ ಕಣ್ಣಿನ ಆಪರೇಶನ್ ಆಗಿದ್ದರಿಂದ ನನ್ನನ್ನು ಕರೆಸಿದ್ದಳು. ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿತ್ತು. ಅಕ್ಕಿ ನೆನೆಸಿ ಅರೆದ ಬಿಳಿ, ಪುಂಡಿನಾರಿನ ಕುಂಚ, ಎಲ್ಲ ಸಿದ್ಧ. ನಮ್ಮಲ್ಲಿ ಹೊರ ಅಂಚಿನ ಉದ್ದ ಗೆರೆಯನ್ನು ಇಬ್ಬರು ಎಳೆಯುತ್ತಾರೆ, ಒಬ್ಬಳು ಈ ತುದಿಯಿಂದ, ಇನ್ನೊಬ್ಬಳು ಆ ತುದಿಯಿಂದ. ನಡುವೆ ಎರಡೂ ಕೂಡಬೇಕು. ಆ ತುದಿಗೆ ಅತ್ತೆಯ ಹಿರಿಸೊಸೆ ಕೂತಳು. ಹಿಂದೆ ಹೆಂಗಸರು ಹಾಡುತ್ತಿದ್ದರು.

ನಡುವಿಗೆ ಬಂದಾಗ ನನ್ನ ಕೈ ನಿಂತಿತು. ಬೇಕೆಂದು ಮಾಡಿದ್ದಲ್ಲ, ಕಾಗದದ ಮೇಲೆ ರೂಢಿಯಾಗಿತ್ತು. ಬೆರಳಿನಷ್ಟು ಜಾಗ ಬಿಟ್ಟು ಕುಂಚ ಎತ್ತಿಬಿಟ್ಟೆ. ಕಪ್ಪು ಕನ್ನಡಕದ ಅತ್ತೆ ಹಿಂದಿನಿಂದಲೇ ಕಂಡುಹಿಡಿದಳು.

"ಗೆರೆ ಕೂಡ್ಲೇ ಇಲ್ವಲ್ಲೇ. ಅದ್ರ ಮುಂದೆ ಕೂರೋರು ಗಂಡ ಹೆಂಡ್ತಿ ಮಾರಾಯ್ತಿ, ಕೋರ್ಟಿಗೆ ಹೋಗೋರಲ್ಲ."

ಹಾಡು ನಿಂತು ನಗು ಶುರುವಾಯಿತು. ನಾನೂ ನಕ್ಕೆ. ಗೆರೆ ಕೂಡಿಸಿದೆ. ಬೆಂಗಳೂರಿನವರು ಎರಡೂ ಅಲ್ಲ ಅಂದರು, ಇಲ್ಲಿ ಗೋಡೆಗೇ ಒಗ್ಗಲಿಲ್ಲ. ಇನ್ನೆಲ್ಲಿಗೆ ಹೋಗುವುದು ಎಂದು ನಗುತ್ತಲೇ ಯೋಚಿಸಿದ ನೆನಪು. ಈ ಮಾತು ಆಮೇಲೆ ಹೊಳೆದದ್ದೂ ಇರಬಹುದು. ಕಣ್ಣು ಉರಿದದ್ದಂತೂ ಆವಾಗಲೇ.

ಅತ್ತೆ ಏನು ಕಂಡಳೋ. ಮಧ್ಯಾಹ್ನ ಚಿತ್ತಾರ ಮುಗಿದಾಗ ಬಟ್ಟಲಲ್ಲಿ ಇನ್ನೂ ಬಿಳಿ ಉಳಿದಿತ್ತು. ಅದನ್ನು ನನ್ನ ಕಡೆ ತಳ್ಳಿದಳು.

"ನಾಳಿಗೆ ಹುಳಿ ಬರ್ತದೆ ಇದು. ನಿಂದು ಅದೆಂತದೋ ಇದ್ಯಲ್ಲ, ಬಚ್ಚಲ ಗೋಡಿಗೆ ಬರ್ಕೊ ಹೋಗು. ಅಲ್ಲಿ ಯಾರೂ ಹಸೆ ಮೇಲೆ ಕೂರಲ್ಲ."

ಅವಮಾನ ಅನ್ನಿಸಿತು. ಆದರೂ ಹೋದೆ. ಬಚ್ಚಲಿನ ಹೊರಗೋಡೆಯ ತುಂಬ ಕಡಿದ ಗೆರೆಗಳನ್ನು ಎಳೆದೆ, ಬಟ್ಟಲು ಬರಿದಾಗುವವರೆಗೆ. ಹೊಗೆ, ಸೀಗೆಪುಡಿ, ಹಸಿ ಮಣ್ಣು, ಎಲ್ಲ ಸೇರಿದ ಆ ವಾಸನೆ ಈಗಲೂ ಮೂಗಿಗೆ ಬರುತ್ತದೆ. ಅಂಥ ಬಚ್ಚಲು ಈಗ ಯಾವ ಮನೆಯಲ್ಲೂ ಇಲ್ಲ. ಅತ್ತೆಯ ಮನೆಯದಕ್ಕೂ ಟೈಲ್ಸ್ ಹಾಕಿದ್ದಾರೆ.

ಮದುವೆ ಊಟ ಮುಗಿಸಿ ಕೈ ತೊಳೆಯಲು ಎಲ್ಲರೂ ಬಂದದ್ದು ಆ ಗೋಡೆಯ ಮುಂದಕ್ಕೇ. ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು, ಬರೆಯುವವಳು ಅರ್ಧಕ್ಕೆ ಊಟಕ್ಕೆ ಎದ್ದುಹೋದಳಾ ಎಂದು ಕೇಳಿದರು. ಒಬ್ಬ ಮುದುಕಿ ತೊಳೆದ ಕೈಯಿಂದ ಒಂದು ಖಾಲಿ ಜಾಗಕ್ಕೆ ನೀರಿನ ಗೆರೆ ಎಳೆದು ಎರಡು ತುದಿ ಕೂಡಿಸಿದಳು. ಬಿಸಿಲಿಗೆ ನೀರು ಆರಿತು, ಜಾಗ ಮತ್ತೆ ತೆರೆದುಕೊಂಡಿತು. ಅವಳು ಇನ್ನೊಮ್ಮೆ ಎಳೆದು, ನಕ್ಕು, ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ಮೊನ್ನೆ ಅತ್ತೆಯ ಹಿರಿಸೊಸೆಗೆ ಫೋನು ಮಾಡಿ ಇದನ್ನೆಲ್ಲ ಕೇಳಿದೆ. ಅದು ಕೊಟ್ಟಿಗೆಯ ಗೋಡೆ, ಅತ್ತ ಯಾರೂ ತಿರುಗಿಯೂ ನೋಡಲಿಲ್ಲ ಅಂದಳು. ಮುದುಕಿಯ ಕಥೆ ಅವಳಿಗೆ ಗೊತ್ತೇ ಇಲ್ಲ. ಅವಳಿಗೆ ಆ ಕಥೆಯ ಅಗತ್ಯವೂ ಇಲ್ಲವಲ್ಲ; ಹಾಗಾಗಿ ಅವಳು ಹೇಳಿದ್ದೇ ನಿಜ ಇರಬೇಕು. ನನಗಂತೂ ಆ ಒದ್ದೆ ಬೆರಳು ಬಿಟ್ಟುಕೊಡಲು ಮನಸ್ಸಿಲ್ಲ. ಆ ಮದುವೆಯ ಮುಂದಿನ ವಾರ ಸಾಗರದಲ್ಲಿ ಮತ್ತೆ ಕಾಗದ ಹಾಸಿಕೊಂಡು ಕೂತೆ. ಧೈರ್ಯ ಬಂದಿತ್ತು ಅಂತಲ್ಲ. ಖಾಲಿ ಜಾಗ ಕಂಡರೆ ಒಬ್ಬರಿಗಾದರೂ ಕೈ ತುರಿಸುತ್ತದೆ ಎಂದು ಗೊತ್ತಾಗಿತ್ತು, ಅಥವಾ ಗೊತ್ತಾಗಿದೆ ಅಂದುಕೊಂಡಿದ್ದೆ.

ಬೆಂಗಳೂರಿನವರು ಆಮೇಲೂ ಬೇಡ ಅಂದರು. ಹೋದ ತಿಂಗಳು ತೀರ್ಥಹಳ್ಳಿಯಲ್ಲಿ ಗೆಳತಿಯೊಬ್ಬಳು ತನ್ನ ಹೊಲಿಗೆ ತರಗತಿಯ ಕೋಣೆಯ ಒಂದು ಗೋಡೆ ಬಿಟ್ಟುಕೊಟ್ಟಳು, ಎರಡು ದಿನದ ಮಟ್ಟಿಗೆ ನನ್ನ ಚಿತ್ರ ತೂಗುಹಾಕಲು. ಮೊದಲ ದಿನ ಸಂಜೆ ಹೊಲಿಗೆ ಕಲಿಯಲು ಬಂದಿದ್ದ ಹೆಂಗಸೊಬ್ಬರು ಗೋಡೆಯ ಮುಂದೆ ಬಹಳ ಹೊತ್ತು ನಿಂತರು.

"ಇನ್ನೂ ಮುಗ್ಸಿಲ್ವಾ?"

ಮತ್ತೆ ಅದೇ ಪ್ರಶ್ನೆ. ಇಷ್ಟು ವರ್ಷದ ಮೇಲೂ. ಇಲ್ಲ ಅಂದೆ.

"ಹಂಗಾರೆ ನಾಳೆ ಬಂದು ನೋಡ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಮರುದಿನ ನಾನು ಬೆಳಿಗ್ಗೆಯೇ ಹೋಗಿ, ಅವರು ಬರಲೆಂದು ಬಾಗಿಲು ತೆಗೆಸಿದೆ.