ಫ್ಯೂಸ್ ಹೋದ ಗೆಡ್ಡೆಗಳು

ನಮ್ಮ ಚಿಕ್ಕಪ್ಪ ಎಲೆಕ್ಟ್ರಿಷಿಯನ್. ಸ್ವಿಚ್ ಒತ್ತಿದ ತಕ್ಷಣ ಉರಿಯದ ಯಾವುದರ ಮೇಲೂ ಅವರಿಗೆ ನಂಬಿಕೆಯಿಲ್ಲ; ಆ ಲೆಕ್ಕದಲ್ಲಿ ನನ್ನ ಮೇಲೂ ಇಲ್ಲ. ಇಂಥ ಮಹಾನುಭಾವರು ಕೆಲಸ ಬಿಟ್ಟ ಮೇಲೆ ತೋಟಗಾರಿಕೆಗೆ ಇಳಿದರು. ಗಿಡಗಳ ಹಣೆಬರಹ, ಏನು ಮಾಡೋದು!

ಹಿತ್ತಿಲೆಂದರೆ ಎರಡು ಮಂಚ ಹಾಕುವಷ್ಟು ಜಾಗ. ಅದರಲ್ಲೇ ಗಂಡ ಹೆಂಡತಿಗೆ ಗಡಿ ತಕರಾರು. ಚಿಕ್ಕಪ್ಪನಿಗೆ ಒಂದೇ ಋತುವಿನಲ್ಲಿ ಹೂಬಿಟ್ಟು ಮುಗಿಯುವ ಜೀನಿಯಾ ಬೇಕು. ಚಿಕ್ಕಮ್ಮನಿಗೆ ವರ್ಷವರ್ಷವೂ ತಾನಾಗಿ ಏಳುವ ಲಿಲ್ಲಿ ಬೇಕು. ಆ ಲಿಲ್ಲಿ ಗೆಡ್ಡೆಗಳು ಅವಳ ತಾಯಿಯ ಅಂಗಳದವು. ತಾಯಿ ತೀರಿಕೊಂಡು ಮನೆ ಮಾರಿದಾಗ ಅಣ್ಣತಮ್ಮಂದಿರು ಬೀರು, ಗಡಿಯಾರ ಹಂಚಿಕೊಂಡರು. ಇವಳು ಕೈಚೀಲದಲ್ಲಿ ಗೆಡ್ಡೆ ತುಂಬಿಕೊಂಡು ಬಂದಳು.

“ನಮ್ಮ ವಯಸ್ಸಿಗೆ ವರ್ಷಗಟ್ಟಲೆ ಬಾಳೋ ಗಿಡ ಯಾಕೇ? ಬಂತು, ಅರಳ್ತು, ಹೋಯ್ತು. ಅಷ್ಟಿದ್ರೆ ಸಾಕು,” ಎಂದರು ಚಿಕ್ಕಪ್ಪ.

“ನೀವು ಹೋಗೋದಾದ್ರೆ ಹೋಗಿ. ನನ್ನ ಲಿಲ್ಲಿ ಇರುತ್ತೆ,” ಎಂದು ಚಿಕ್ಕಮ್ಮ ನೆಟ್ಟೇಬಿಟ್ಟಳು.

ನರ್ಸರಿಯವರು ಗೆಡ್ಡೆಗೆ ಬಲ್ಬ್ ಅಂತಾರೆ ಎಂದು ಅವಳು ಬಾಯಿತಪ್ಪಿ ಹೇಳಿದ್ದೇ ಎಡವಟ್ಟಾಯಿತು. ಬಲ್ಬ್ ಅಂದಮೇಲೆ ಚಿಕ್ಕಪ್ಪನದೇ ಇಲಾಖೆ ತಾನೇ! ದಿನಾ ಬೆಳಿಗ್ಗೆ ಟೆಸ್ಟರ್ ಹಿಡಿದು ಮಣ್ಣಿಗೆ ಚುಚ್ಚಿ ತಪಾಸಣೆ ಶುರುವಾಯಿತು.

“ರೀ, ಅವು ಮಲಗಿವೆ. ಕೆದಕಬೇಡಿ.”

“ಮಲಗೋಕೂ ಒಂದು ಮಿತಿ ಬೇಡ್ವೇನೇ?”

ಹೀಗೆ ಕೇಳಿದವರು ಊಟ ಮಾಡಿ ಮಲಗಿದರೆ ಸಂಜೆವರೆಗೆ ಗೊರಕೆ ಹೊಡೆಯುವವರು.

ಚಿಕ್ಕಮ್ಮ ತಂಗಿಯ ಮನೆಗೆ ಹೋಗಿದ್ದಾಗ ಸಾಹೇಬರು ಗೆಡ್ಡೆಗಳನ್ನೆಲ್ಲ ಕಿತ್ತು ಗೊಬ್ಬರದ ಡ್ರಮ್ಮಿಗೆ ಎಸೆದರು. ಆ ಜಾಗದಲ್ಲಿ ಜೀನಿಯಾ ಸಸಿ ನಿಲ್ಲಿಸಿ, ಅವಳು ಬರುತ್ತಲೇ ಮೀಸೆ ತಿರುವುತ್ತಾ ತೋರಿಸಿದರು.

“ಅಮ್ಮನ ಗೆಡ್ಡೆ ಎಲ್ಲಿ?”

“ಎಲ್ಲಾ ಫ್ಯೂಸ್ ಹೋಗಿತ್ತು ಕಣೇ.”

ಚಿಕ್ಕಮ್ಮ ಜಗಳವಾಡಲಿಲ್ಲ. ಚೀಲವನ್ನೂ ಇಳಿಸದೆ ಹೊಸಿಲ ಮೇಲೆ ಕೂತು ಅತ್ತಳು. “ಆ ಮನೆಯಿಂದ ನಂಗೆ ಅಂತ ಸಿಕ್ಕಿದ್ದು ಅಷ್ಟೇ ರೀ.”

ನನಗೆ ಮೈಯೆಲ್ಲಾ ಉರಿಯಿತು. “ಚಿಕ್ಕಪ್ಪ, ಫ್ಯೂಸ್ ಹೋಗಿರೋದು ಗೆಡ್ಡೇದಲ್ಲ,” ಎಂದೆ. ಅವರು ಸೀದಾ ಹೋಗಿ ಡ್ರಮ್ಮಿನೊಳಗೆ ಭುಜದವರೆಗೆ ಕೈಯಿಟ್ಟರು. ಸಿಕ್ಕಿದ್ದೆಲ್ಲ ಟೆಸ್ಟರ್ ಚುಚ್ಚಿದ ತೂತಿನಿಂದ ಕೊಳೆತಿತ್ತು. ಒಂದೇ ಒಂದು ಮಾತ್ರ ಗಟ್ಟಿಯಾಗಿತ್ತು. ತಮ್ಮ ಜೀನಿಯಾಗಳನ್ನು ತಾವೇ ಕಿತ್ತು ಅದನ್ನು ನಡುವೆ ನೆಟ್ಟರು.

ಮರುದಿನ ನೋಡಿದರೆ ಅದರ ಪಕ್ಕದಲ್ಲಿ ತಲೆಬುರುಡೆಯ ಹಳೇ ಬೋರ್ಡು: ‘ಅಪಾಯ! ಮುಟ್ಟಬೇಡಿ.’

“ಯಾರಿಗೆ ಚಿಕ್ಕಪ್ಪ ಇದು?”

“ಇನ್ಯಾರಿಗೆ? ನಂಗೇ.”

ತಿಂಗಳುಗಟ್ಟಲೆ ಕಾದ ಮೇಲೆ ಹಸಿರು ಮೂತಿಯೊಂದು ಹೊರಬಂತು. ಎಲೆ ಬಂತು, ಹೂವಿಲ್ಲ. ಚಿಕ್ಕಮ್ಮ ಬಗ್ಗಿ ನೋಡಿ, “ಹೂವು ಬರೋ ವರ್ಷಕ್ಕೇ ರೀ. ಕಾಯ್ತೀರಾ?” ಎಂದಳು.

ಚಿಕ್ಕಪ್ಪ ಬೋರ್ಡನ್ನು ಒರೆಸಿ ನೆಟ್ಟಗೆ ನಿಲ್ಲಿಸಿದರು.

“ಬರ್ಲಿ ಬಿಡೇ. ನಾನೆಲ್ಲಿಗೆ ಹೋಗ್ತೀನಿ?”