ದೇವರೊಡನೆ ಮಾತು ಬಿಟ್ಟ ಮಾರ್ತವ್ವ

ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ತೆರೆದು ನೋಡುವ ಚಟ ನನಗೆ ಮೊದಲಿನಿಂದಲೂ ಇತ್ತು. ಬೇರೆ ಯಾರಾದರೂ ಹೀಗೆ ಹೇಳಿಕೊಂಡರೆ ಅದರಲ್ಲಿ ಅಂಥ ಅನಾಹುತವೇನಿಲ್ಲ. ಆದರೆ ನಾನು ಕುಷ್ಟಗಿಯ ಮಿಶನ್ ಸಾಲೆಯಲ್ಲಿ ವಾರವಿಡೀ ಮಾಸ್ತರ, ಭಾನುವಾರ ಉಪದೇಶಿ. "ಎಲ್ಲರೂ ಕಣ್ಣು ಮುಚ್ಚೋಣ" ಎಂದು ಹೇಳುತ್ತಿದ್ದವನೇ ನಾನು. ಹೇಳಿ, ಎಲ್ಲರೂ ಮುಚ್ಚಿದ್ದು ಖಾತ್ರಿಯಾದ ಮೇಲೆ ಮೆಲ್ಲಗೆ ನನ್ನವನ್ನು ತೆರೆಯುತ್ತಿದ್ದೆ. ದೇವರ ಮುಂದೆ ನಿಂತ ಮನುಷ್ಯನ ಮುಖ ಹೇಗಿರುತ್ತದೆ ಎಂಬ ಕುತೂಹಲ, ಅಷ್ಟೇ. ಒಬ್ಬ ಹುಬ್ಬು ಗಂಟಿಕ್ಕಿರುತ್ತಾನೆ. ಇನ್ನೊಬ್ಬ ಬಿಸಿ ಚಹಾ ಬಾಯಿಗೆ ಹಾಕಿಕೊಂಡವನ ಹಾಗೆ ತುಟಿ ಮಾಡುತ್ತಾನೆ. ಮತ್ತೊಬ್ಬಳು ಸೆರಗಿನ ಮರೆಯಲ್ಲಿ ನಿಶ್ಚಿಂತೆಯಿಂದ ತೂಕಡಿಸುತ್ತಾಳೆ.

ಮಾರ್ತವ್ವನ ಮುಖ ಮಾತ್ರ ಬೇರೆ ಥರ. ಆಕೆ ಮಿಶನ್ ದವಾಖಾನೆಯ ಸೂಲಗಿತ್ತಿ, ನಲವತ್ತು ದಾಟಿದ ವಿಧವೆ. ಸುತ್ತಲಿನ ಹಳ್ಳಿಗಳಲ್ಲಿ ಕಷ್ಟದ ಹೆರಿಗೆ ಎಂದರೆ ಗಾಡಿ ಅವಳ ಬಾಗಿಲಿಗೇ ಬರುತ್ತಿತ್ತು. ಪ್ರಾರ್ಥನೆ ಅವಳಿಗೆ ಓಣಿಯವರೊಡನೆ ಆಡುವ ಮಾತಿದ್ದಂತೆ. "ನಿನ್ನಿ ಹೇಳಿದ್ದೆನಲ್ಲಪ್ಪಾ, ಆ ಬಾಣಂತಿ ಜ್ವರ ಇನ್ನೂ ಇಳಿದಿಲ್ಲ ನೋಡು" ಎಂದು ಶುರು ಮಾಡುತ್ತಿದ್ದಳು. ನಡುವೆ ನಿಂತು, ಅತ್ತಲಿಂದ ಏನೋ ಉತ್ತರ ಬಂದ ಹಾಗೆ "ಹೂಂ" ಅನ್ನುತ್ತಿದ್ದಳು. ಆ "ಹೂಂ" ಕೇಳಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಗಂಟೆಗಟ್ಟಲೆ ಉಪದೇಶ ಮಾಡುವ ನನಗೆ ಆ ಕಡೆಯಿಂದ ಎಂದೂ ಏನೂ ಕೇಳಿಸಿರಲಿಲ್ಲ.

ಮಹಾಯುದ್ಧ ನಡೆದಿದ್ದ ಕಾಲ. ಒಂದು ಭಾನುವಾರ ಎಂದಿನಂತೆ ಕಣ್ಣು ತೆರೆದರೆ ಹೆಂಗಸರ ಸಾಲಿನಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಮಾರ್ತವ್ವನವು. ಸಿಕ್ಕಿಬಿದ್ದವನಂತೆ ಗಕ್ಕನೆ ಮುಚ್ಚಿಕೊಂಡೆ. ಆಮೇಲೆ ಆಕೆಯನ್ನು ಪ್ರಾರ್ಥನೆಗೆ ಕರೆದಾಗ ಒಲ್ಲೆನೆಂದು ತಲೆ ಅಲ್ಲಾಡಿಸಿದಳು. ಮರುವಾರವೂ ಅದೇ, ಅದರ ಮರುವಾರವೂ ಅದೇ. ಕಣ್ಣು ತೆರೆದೇ ಇತ್ತು, ಬಾಯಿ ಮುಚ್ಚಿತ್ತು.

ನಾನು ನೋಡಿದ್ದನ್ನು ಯಾರಿಗೂ ಹೇಳುವಂತಿರಲಿಲ್ಲ, ಹೇಳಿದರೆ ನನ್ನ ಗುಟ್ಟೂ ಬಯಲಾಗುತ್ತಿತ್ತು. ಆದರೆ ಬಾಯಿ ಮುಚ್ಚಿದ್ದು ಎಲ್ಲರಿಗೂ ಗೊತ್ತಾಯಿತು. ಸಭೆಯ ಹಿರಿಯ ಯೋಹಾನಪ್ಪ ನನ್ನನ್ನು ಕರೆಸಿ, ಪ್ರಾರ್ಥನೆ ಬಿಟ್ಟವಳನ್ನು ದೇವರ ಹೆಸರಿನ ದವಾಖಾನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದರು. ಬರುವ ಭಾನುವಾರ ಒಂದು ತೀರ್ಮಾನ ಆಗಬೇಕು, ಅಷ್ಟರಲ್ಲಿ ನೀವು ವಿಚಾರಿಸಿ ಹೇಳಿ ಎಂದರು. ಕರ್ತವ್ಯಕ್ಕಿಂತ ಕುತೂಹಲಕ್ಕೇ ನಾನು ಒಪ್ಪಿದೆ ಎಂಬುದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ.

ಎರಡು ದಿನದಲ್ಲೇ ತಾವರಗೇರಾದಿಂದ ಪಿಂಜಾರ ಇಮಾಮಸಾಬರ ಗಾಡಿ ಬಂತು. ಅವರ ಸೊಸೆಗೆ ಹಿಂದಿನ ದಿನದಿಂದ ನೋವು. ಮಾರ್ತವ್ವ ತನ್ನ ಚೀಲ ಹಿಡಿದು ಹತ್ತಿದಳು. ತಾವರಗೇರಾದಲ್ಲಿ ನನಗೂ ಒಂದು ಕೆಲಸ ಇದೆಯೆಂದು ಸುಳ್ಳು ಹೇಳಿ ನಾನೂ ಹತ್ತಿದೆ. ದಾರಿಯುದ್ದಕ್ಕೂ ಸಜ್ಜೆಯ ಬೆಳೆ, ಎತ್ತಿನ ಕೋಡು ಎಂದು ಸುತ್ತು ಹಾಕಿದೆನೇ ಹೊರತು ವಿಷಯಕ್ಕೆ ಬರುವ ಧೈರ್ಯವಾಗಲಿಲ್ಲ. ಕೊನೆಗೆ ಆಕೆಯೇ ಕೇಳಿದಳು, "ಹಿರ್ಯಾರು ಕಳಿಸ್ಯಾರೇನ್ರಿ, ಮಾಸ್ತರ?"

ಹೌದೆಂದೆ. ಆಕೆ ಗಾಡಿಯ ಹಿಂದೆ ಓಡುವ ದಾರಿಯನ್ನು ನೋಡುತ್ತ ಹೇಳತೊಡಗಿದಳು. ಹತ್ತಿರದ ಹಳ್ಳಿಯಲ್ಲಿ ಗಂಗವ್ವ ಎಂಬ ಹುಡುಗಿಯ ಚೊಚ್ಚಲ ಹೆರಿಗೆ. ಕೂಸು ಬಂತು, ರಕ್ತ ನಿಲ್ಲಲಿಲ್ಲ. ಕೈ ತನ್ನ ಕೆಲಸ ಮಾಡುತ್ತಿದ್ದಾಗ ಇವಳು ಬಾಯಿ ಬಿಡದೆ ದೇವರನ್ನು ಕೇಳುತ್ತಲೇ ಇದ್ದಳು. ನಿನಗೇನೂ ಆಗೋದಿಲ್ಲ ಮಗಳೇ ಎಂದು ಆ ಹುಡುಗಿಗೆ ಮಾತು ಕೊಟ್ಟುಬಿಟ್ಟಿದ್ದಳು. ಹುಡುಗಿ ಇವಳ ಮುಂಗೈ ಹಿಡಿದುಕೊಂಡೇ ಹೋದಳು.

"ಆವತ್ತಿಂದ ಅವನ ಜೋಡಿ ಮಾತು ಬಿಟ್ಟೀನ್ರಿ" ಎಂದಳು.

ಹಾಗಿದ್ದ ಮೇಲೆ ಈ ಬಿಸಿಲಿನಲ್ಲಿ ಅವನ ಹೆಸರಿನ ಕೆಲಸಕ್ಕೆ ಯಾಕೆ ಓಡುತ್ತಿದ್ದೀರಿ ಎಂದು ಪೆದ್ದನ ಹಾಗೆ ಕೇಳಿದೆ.

"ಕೆಲಸ ಅವಂದ್ರಿ, ಸಿಟ್ಟು ನಂದು. ನನ್ನ ಸಿಟ್ಟಿಗೆ ಅವನ ಕೆಲಸ ಯಾಕ ನಿಲ್ಲಬೇಕು?"

ದುಃಖದಲ್ಲಿದ್ದವರಿಗೆ ಹೇಳಬೇಕಾದ ಮಾತುಗಳೆಲ್ಲ ನನಗೆ ಬಾಯಿಪಾಠ. ಅವು ಯಾವುವೂ ಈ ಸಿಟ್ಟಿಗೆ ಹೊಂದುವಂತಿರಲಿಲ್ಲ. ನಮ್ಮ ನಾಡಿನ ಭಕ್ತರಿಗೆ ನಿಂದಾಸ್ತುತಿ ಹೊಸದಲ್ಲ. ಬೈಯುತ್ತಲೇ ಹೊಗಳುವುದು ಅವರಿಗೆ ಒಂದು ಸೊಗಸು. ಇದು ಆ ಜಾತಿಯದಲ್ಲ. ಇಲ್ಲಿ ಹೊಗಳಿಕೆಯೂ ಇರಲಿಲ್ಲ, ಬೈಗುಳವೂ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಪೂರ್ತಿ ಚಾಕರಿ ಮಾಡುವ ಈ ಭಕ್ತಿಗೆ ಏನು ಹೆಸರೋ ನನಗೆ ತಿಳಿಯಲಿಲ್ಲ.

ಮಧ್ಯಾಹ್ನ ಮುಟ್ಟಿದೆವು. ಮಾರ್ತವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಡಸಾಲೆಯಲ್ಲಿ ಹತ್ತಿ ಹಿಂಜುವ ಬಿಲ್ಲಿನ ಪಕ್ಕ ಇಮಾಮಸಾಬರೂ ನಾನೂ ಕುಳಿತೆವು. ಅವರ ತುಟಿ ಅವರ ರೀತಿಯಲ್ಲಿ ಅಲುಗುತ್ತಿತ್ತು, ನನ್ನದು ನನ್ನ ರೀತಿಯಲ್ಲಿ. ಇಬ್ಬರ ದೃಷ್ಟಿಯೂ ಅದೇ ಬಾಗಿಲ ಮೇಲೆ. ಒಳಗಿನಿಂದ ಒಮ್ಮೆ ಚೀರಾಟ, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತು ಭಾಳ ಉದ್ದ. ಬಿಸಿಲು ಇಳಿಯತೊಡಗಿದಾಗ ಕೂಸು ಅತ್ತಿತು. ಇಮಾಮಸಾಬರ ಹೆಂಡತಿ ಹೊರಗೆ ಬಂದು, ಇಬ್ಬರೂ ಆರಾಮ, ಸೊಸೆಗೆ ನಿದ್ದೆ ಹತ್ತಿದೆ ಎಂದು ಹೇಳಿ ನೀರು ಕಾಯಿಸಲು ಹೋದರು.

ಆಗ ಒಳಗಿನಿಂದ ಮಾರ್ತವ್ವನ ದನಿ ಕೇಳಿಸಿತು. "ಇದನ್ನ ಉಳಿಸಿದಿ, ಛಲೋ ಆತು. ಆದ್ರ ಗಂಗವ್ವನ ಮಾತು ಇನ್ನೂ ಮುಗಿದಿಲ್ಲ."

ಆಕೆಯ ಬಳಿ ಎಚ್ಚರವಿದ್ದವರು ಯಾರೂ ಇರಲಿಲ್ಲ.

ಭಾನುವಾರ ಸಭೆಯ ಮುಂದೆ, ದಾರಿಯಲ್ಲೂ ತಾವರಗೇರಾದಲ್ಲೂ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಯೋಹಾನಪ್ಪನವರಿಗೆ ಸಮಾಧಾನವಾಗಲಿಲ್ಲ. ಮಾತು ಬಿಟ್ಟಿದ್ದಂತೂ ನಿಜವಾಯಿತಲ್ಲ, ಹೀಗಿದ್ದವಳು ನಂಬಿಗಸ್ತಳು ಹೇಗಾದಾಳು ಎಂದರು. ಎಂದೂ ಸಭೆಯಲ್ಲಿ ಬಾಯಿ ತೆರೆಯದ ಅವರ ಹೆಂಡತಿ ರಾಹೇಲವ್ವ ಹೆಂಗಸರ ಕಡೆಯಿಂದ ಎದ್ದು ನಿಂತರು.

"ನಿಮ್ಮ ಜೋಡಿ ನಾ ಎಷ್ಟು ಸಲ ಮಾತು ಬಿಟ್ಟಿಲ್ಲ? ರೊಟ್ಟಿ ಬಡಿಯೋದು ಬಿಟ್ಟೀನೇನು?"

ಯೋಹಾನಪ್ಪನವರು ಕೆಮ್ಮಿ, ಮುಂದಿನ ವಿಷಯ ತೆಗೆದುಕೊಳ್ಳೋಣ ಎಂದರು. ಮಾರ್ತವ್ವ ದವಾಖಾನೆಯಲ್ಲೇ ಉಳಿದಳು. ದೇವರೊಡನೆ ರಾಜಿಯಾಯಿತೇ ಎಂದು ನಾನು ಕೇಳಲಿಲ್ಲ. ಅದು ಅವರಿಬ್ಬರ ಮನೆಯ ಮಾತು.

ನನ್ನ ಕುತೂಹಲ ಈಗ ನನ್ನ ಕಡೆಗೇ ತಿರುಗಿತು. ಕೆಲವು ದಿನಗಳ ಮೇಲೆ, ಹಲ್ಲುನೋವಿನ ನೆವದಲ್ಲಿ, ನಾನೂ ದೇವರೊಡನೆ ಒಮ್ಮೆ ಜಗಳ ತೆಗೆಯೋಣವೆಂದು ಕುಳಿತೆ. ಪರಮದಯಾಳುವೂ ಸರ್ವಶಕ್ತನೂ ಆದ ಎಂದು ಆರಂಭಿಸಿ, ಬಿರುದುಗಳನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಸಿಟ್ಟು ತಣ್ಣಗಾಗಿತ್ತು, ಏನು ಕೇಳಬೇಕೆಂದಿದ್ದೆನೋ ಅದೂ ಮರೆತಿತ್ತು. ಅಷ್ಟು ವರ್ಷ ನನಗೂ ದೇವರಿಗೂ ನಡುವೆ ಒಂದು ಬಿರುಸು ಮಾತು ಬಂದಿರಲಿಲ್ಲ. ಅದನ್ನೇ ಭಕ್ತಿ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ನಮ್ಮಿಬ್ಬರಿಗೆ ಇನ್ನೂ ಪರಿಚಯವೇ ಸರಿಯಾಗಿ ಆಗಿರಲಿಲ್ಲ.