ದಿನಕರಣ್ಣ ಕೂತ ಕುರ್ಚಿ ನನ್ನದು

ಲೀಲಕ್ಕ, ನಾನು ನಿಮಗೆ ಸುಳ್ಳು ಹೇಳಿದ್ದೇನೆ. ನಿಮ್ಮ ಗಂಡ ಜೂಜಾಡಿದವರಲ್ಲ. ಆ ಶುಕ್ರವಾರ ಮಸ್ಕತ್‌ನ ಮದೀನತ್ ಸುಲ್ತಾನ್ ಖಾಬೂಸಿನ ಆ ವಿಲ್ಲಾಕ್ಕೆ ಪೊಲೀಸರು ನುಗ್ಗಿದಾಗ ದಿನಕರಣ್ಣನ ಕೈಯಲ್ಲಿದ್ದ ಇಸ್ಪೀಟಿನ ಕಟ್ಟು ನನ್ನದು. ಅವರು ಕೂತಿದ್ದ ಕುರ್ಚಿಯೂ ನನ್ನದೇ. ಅವರು ನಿಮಗೆ ಹೇಳಿದ್ದೆಲ್ಲ ನಿಜ — ಅದನ್ನು ಸುಳ್ಳು ಮಾಡಿದವನು ನಾನು.

ಇಷ್ಟು ಬರೆದು ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದೆ. ಯಾರೂ ಬಂದಿಲ್ಲ. ಯಾರೂ ಬರುವವರೂ ಇಲ್ಲ. ಆದರೂ ನೋಡಿ ಬಂದೆ — ಇಷ್ಟು ವರ್ಷಗಳಿಂದ ನಾನು ಹೀಗೆಯೇ.

ನಾನು ಯಾರೆಂದು ನಿಮಗೆ ಪೂರ್ತಿ ಗೊತ್ತಿರಲಿಲ್ಲ. ಅಲ್ ಮವಾಲೇಹ್‌ನಲ್ಲಿ ನಿಮ್ಮ ಮಹಡಿಯ ಕೆಳಗಿನ ಫ್ಲ್ಯಾಟಿನ ವಿಲ್ಲಿ, ಎವ್ಲಿನ್‌ಳ ಗಂಡ, ರೆಸ್ಟೋರೆಂಟಿನ ಸೂಪರ್‌ವೈಸರ್ — ಅಷ್ಟೇ. ಒಮಾನಿಗೆ ಬರುವ ಮೊದಲು ಎಲ್ಲಿದ್ದಿರಿ ಎಂದು ನೀವೊಮ್ಮೆ ಕೇಳಿದಾಗ, ‘ಗೋವಾದಲ್ಲಿ, ಹೋಟೆಲ್ ಲೈನು’ ಎಂದಿದ್ದೆ. ನನ್ನ ತಾಯಿಗೂ ಅದನ್ನೇ ಹೇಳಿದ್ದೆ. ಅದು ಹೋಟೆಲ್ ಆಗಿರಲಿಲ್ಲ, ಲೀಲಕ್ಕ. ನದಿಯಲ್ಲಿ ಲಂಗರು ಹಾಕಿ ನಿಂತ ದೊಡ್ಡ ಹಡಗು, ಅದರ ತುಂಬ ಜೂಜಿನ ಮೇಜುಗಳು. ನಾನು ಅಲ್ಲಿ ಡೀಲರ್ — ಎಲೆ ಹಂಚುವವನು.

ಆ ಕೆಲಸದ ಬಗ್ಗೆ ಯಾರಿಗೂ ಹೇಳಿದವನಲ್ಲ, ಈಗ ಹೇಳುತ್ತೇನೆ. ನಮ್ಮ ಅಂಗಿಗೂ ಪ್ಯಾಂಟಿಗೂ ಕಿಸೆ ಇರುತ್ತಿರಲಿಲ್ಲ. ಇದ್ದರೆ ಹೊಲಿದು ಮುಚ್ಚಿಬಿಡುತ್ತಿದ್ದರು. ತಲೆಯ ಮೇಲೆ ಸಾಲು ಸಾಲು ಕ್ಯಾಮೆರಾ. ಮೂಗು ತುರಿಸಿದರೆ ಮುಟ್ಟಬಾರದು, ಕಾಲರ್ ಸರಿಮಾಡಿಕೊಳ್ಳಬಾರದು. ಮೇಜು ಬಿಟ್ಟು ಏಳುವಾಗ ಎರಡೂ ಅಂಗೈಗಳನ್ನು ತಟ್ಟಿ, ತಿರುಗಿಸಿ ಮೇಲಕ್ಕೆ ತೋರಿಸಬೇಕು — ನನ್ನ ಕೈಯಲ್ಲಿ ಏನೂ ಇಲ್ಲ ಎಂದು. ಬೆನ್ನ ಹಿಂದೆ ಮೇಲಿನವನೊಬ್ಬ ಯಾವಾಗಲೂ ನಿಂತಿರುತ್ತಿದ್ದ. ಒಂದು ಚಿಪ್ಸ್ — ದುಡ್ಡಿನ ಬದಲು ಆಡುವ ಬಿಲ್ಲೆ — ತಪ್ಪಿ ಹೆಚ್ಚು ಹೋದರೆ ಕಳ್ಳತನವೋ ಕೈತಪ್ಪೋ ಎಂಬ ವಿಚಾರಣೆ. ಎಲ್ಲಕ್ಕಿಂತ ಮುಖ್ಯ, ಸೋತವನ ಮುಖ ನೋಡಬಾರದು. ಕೈ ನೋಡು, ಎಲೆ ನೋಡು, ಮುಗುಳ್ನಗು.

ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಊರಿನ ಹೆಸರೂ ಇತ್ತು. ಅದನ್ನು ಓದಿ ಹುಬ್ಬಳ್ಳಿ ಕಡೆಯ ಒಬ್ಬರು, ನಮ್ಮ ತಂದೆಯ ಪ್ರಾಯದವರು, ಮೇಜಿನ ಮೇಲೆ ಬಾಗಿ ಮೆಲ್ಲಗೆ ಹೇಳಿದರು: ‘ತಮ್ಮಾ, ಒಂದ ಚಲೋ ಎಲಿ ಹಾಕೋ.’ ನಾನು ಕನ್ನಡವೇ ಬಾರದವನ ಹಾಗೆ ನಿಂತೆ. ಮೇಜಿನಲ್ಲಿ ಮಾತಾಡಬಾರದೆಂಬ ನಿಯಮ ಇತ್ತು, ನಿಜ. ಆದರೆ ಕೇಳಿಸಲೇ ಇಲ್ಲ ಎನ್ನುವಂತೆ ಮುಖ ಮಾಡಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ. ಅವರು ಸೋತರು. ನಾನು ಅವರ ಚಿಪ್ಸ್‌ಗಳನ್ನು ಕೈಯ ಅಂಚಿನಿಂದ ನನ್ನ ಕಡೆಗೆ ಗುಡಿಸಿಕೊಂಡೆ. ಕೇಳಿಸದ ಹಾಗೆ ಇರುವುದು ನನಗೆ ಎಷ್ಟು ಸುಲಭ ಎಂದು ಅಂದೇ ನನಗೆ ಗೊತ್ತಾಗಬೇಕಿತ್ತು.

ಒಮಾನಿಗೆ ಬಂದಾಗ ದೊಡ್ಡ ನೆಮ್ಮದಿ. ಜೂಜಿಗೆ ಇಲ್ಲಿ ಜೈಲು. ಹಾಗಾಗಿ ಆ ಕೆಲಸಕ್ಕೆ ಇಲ್ಲಿ ಜಾಗವೇ ಇಲ್ಲ ಎಂದುಕೊಂಡಿದ್ದೆ. ಸೀಬ್ ಕಡಲ ಬದಿಗೆ ನಾವೆಲ್ಲ ಪಿಕ್‌ನಿಕ್ ಹೋದದ್ದು ನಿಮಗೆ ನೆನಪಿರಬಹುದು. ನಿಮ್ಮ ಶ್ರಾವ್ಯ ಆಗ ಪುಟ್ಟ ಹುಡುಗಿ. ಯಾರೋ ತಂದಿದ್ದ ಇಸ್ಪೀಟನ್ನು ಕೈಗೆ ಕೊಟ್ಟು, ‘ಅಂಕಲ್, ಶಫಲ್ ಮಾಡಿ’ ಎಂದಳು. ನಾನು ಯೋಚಿಸದೆ ಕಲಸಿಬಿಟ್ಟೆ — ಹಡಗಿನಲ್ಲಿ ಕಲಸುವ ಹಾಗೆ. ಮಕ್ಕಳು ಚಪ್ಪಾಳೆ ಹೊಡೆದರು. ಪಕ್ಕದ ಚಾಪೆಯಲ್ಲಿ ಕೂತಿದ್ದವನೊಬ್ಬ ನಗದೆ ನೋಡುತ್ತಿದ್ದ. ನಮ್ಮ ರೆಸ್ಟೋರೆಂಟಿಗೆ ಬರುವ ಗಿರಾಕಿ. ಎಲ್ಲರೂ ಸೇಠ್ ಎನ್ನುತ್ತಿದ್ದರು.

ಮರುದಿನವೇ ಆತ ಬಂದ. ಚಹಾ ತರಿಸಿಕೊಂಡು, ಬಹಳ ಪ್ರೀತಿಯಿಂದ, ‘ಶುಕ್ರವಾರ ಮಧ್ಯಾಹ್ನ ಮನೆಗೆ ಬಾ. ದೋಸ್ತ್ ಲೋಗ್ ಆಡ್ತಾರೆ, ನೀನು ಎಲೆ ಹಾಕು’ ಎಂದ. ನಾನು ಆಗುವುದಿಲ್ಲ ಎಂದೆ. ಆತ ಚಹಾ ಕಲಕುತ್ತಾ, ‘ನಿನ್ನ ಕಫೀಲ್ ನನ್ನ ಜೊತೆಗೇ ಊಟ ಮಾಡೋದು, ಗೊತ್ತಲ್ಲ?’ ಎಂದ. ಅಷ್ಟೇ. ನನ್ನ ವೀಸಾ ಆ ಕಫೀಲನ ಕೈಯಲ್ಲಿದೆ ಎಂಬುದನ್ನು ಅದಕ್ಕಿಂತ ಮೆದುವಾಗಿ ಯಾರೂ ಹೇಳಲಾರರು.

ಹೆದರಿ ಹೋದೆ. ಆದರೆ ಹೆದರಿಕೆ ಮಾತ್ರ ಎಂದರೆ ಅದೂ ಸುಳ್ಳು. ಹಸಿರು ಬಟ್ಟೆ ಹಾಸಿದ ಆ ಊಟದ ಮೇಜಿನ ಹಿಂದೆ ಕೂತಾಗ ನನ್ನ ಬೆರಳುಗಳು ಖುಷಿಪಟ್ಟವು. ರೆಸ್ಟೋರೆಂಟಿನಲ್ಲಿ ನನ್ನನ್ನು ಬೆರಳು ತೋರಿಸಿ ಕರೆಯುತ್ತಿದ್ದಂಥ ಜನ ಇಲ್ಲಿ ನನ್ನ ಕೈ ಚಲಿಸುವುದನ್ನೇ ಕಾಯುತ್ತಿದ್ದರು. ಅದು ನನಗೆ ಬೇಕಾಗಿತ್ತು. ಮತ್ತೊಂದು ಮಾತು — ಅಡುಗೆಮನೆಗೆ ಹಿಂಬಾಗಿಲಿದೆ, ಅದರಾಚೆ ತಗ್ಗು ಗೋಡೆ ಇದೆ ಎಂಬುದನ್ನು ನಾನು ಮೊದಲ ದಿನವೇ ನೋಡಿಟ್ಟುಕೊಂಡಿದ್ದೆ. ಮನಸ್ಸಿನಲ್ಲಿ ಎಷ್ಟೋ ಸಲ ಓಡಿದ್ದೆ. ಆದರೆ ಆ ಓಟದಲ್ಲಿ ನನ್ನ ಜಾಗದಲ್ಲಿ ಬೇರೆ ಯಾರೂ ಕೂತಿರಲಿಲ್ಲ.

ಆ ಶುಕ್ರವಾರ ನಿಮ್ಮಲ್ಲಿ ಊಟ. ನೀವೂ ಎವ್ಲಿನ್‌ಳೂ ಬೆಳಗಿನಿಂದ ಕೋಳಿ ಸಾರು ಮಾಡುತ್ತಿದ್ದಿರಿ, ಊರಿನಿಂದ ರೊಟ್ಟಿ ಬಂದಿತ್ತು. ನನಗೆ ತಡವಾಯಿತು. ದಿನಕರಣ್ಣ ಫೋನ್ ಮಾಡಿ, ‘ಎಲ್ಲಿದ್ದೀ ಮಾರಾಯ? ನಾನು ಕಾರು ತರ್ತೇನೆ’ ಎಂದರು. ಗಿರಾಕಿಯೊಬ್ಬರ ಮನೆಯಲ್ಲಿ ಪಾರ್ಟಿಯ ಕೆಲಸ ಎಂದು ಹೇಳಿ ವಿಳಾಸ ಕೊಟ್ಟೆ. ಹೊರಗೆ ನಿಂತು ಹಾರ್ನ್ ಮಾಡುತ್ತಾರೆ, ನಾನು ಇಳಿದು ಹೋಗುತ್ತೇನೆ ಎಂಬುದು ನನ್ನ ಲೆಕ್ಕ. ಅವರು ಒಳಗೇ ಬಂದರು. ಕರ್ಟನ್ ಎಳೆದ ಕೋಣೆ, ಹಸಿರು ಬಟ್ಟೆ, ನನ್ನ ಕೈಯಲ್ಲಿ ಎಲೆ — ಅವರ ಮುಖ ಸಣ್ಣದಾಯಿತು. ‘ಎಂತ ವಿಲ್ಲಿ ಇದು?’ ಎಂದರು. ತುಂಬ ಮೆಲ್ಲಗೆ, ನನ್ನ ಮಾನ ಉಳಿಸುವ ಹಾಗೆ.

ನನಗೆ ಬೆವರು ಬಂತು. ಮುಖ ತೊಳೆದುಕೊಂಡು ಬಂದು ಹೊರಟುಬಿಡುತ್ತೇನೆ ಎಂದೆ. ಆಟ ನಡುವಿನಲ್ಲಿತ್ತು. ಕಟ್ಟನ್ನು ಮೇಜಿನ ಮೇಲೆ ಬಿಟ್ಟುಹೋದರೆ ಆಡುವವರು ಒಪ್ಪುವುದಿಲ್ಲ. ಅದು ಆಡದವನೊಬ್ಬನ ಕೈಯಲ್ಲಿರಬೇಕು. ನಾನೇ ಹೇಳಿದೆ, ಲೀಲಕ್ಕ. ಸೇಠ್ ಅಲ್ಲ, ನಾನೇ —

‘ದಿನಕರಣ್ಣ, ಇಲ್ಲಿ ಕೂತ್ಕೊಳ್ಳಿ. ಇದನ್ನು ಹಿಡ್ಕೊಳ್ಳಿ, ಈಗ ಬಂದೆ.’

ಅವರು ಕೂತರು. ನಾನು ಹೇಳಿದೆ ಎಂಬ ಒಂದೇ ಕಾರಣಕ್ಕೆ ಕೂತರು. ಆಟೀನು ಯಾವುದು, ಕಳಾವರ್ ಯಾವುದು ಎಂದೂ ಗೊತ್ತಿಲ್ಲದ ಮನುಷ್ಯ, ಕಟ್ಟನ್ನು ಎರಡೂ ಕೈಗಳಲ್ಲಿ ಪ್ರಸಾದದ ಹಾಗೆ ಹಿಡಿದುಕೊಂಡಿದ್ದರು.

ಅಡುಗೆಮನೆಯ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದೆ. ಗಾಡಿಗಳು ನಿಂತ ಸದ್ದು, ಬಾಗಿಲು ಬಡಿದ ಸದ್ದು, ಅರಬ್ಬಿಯಲ್ಲಿ ಗಟ್ಟಿ ಮಾತು. ಹಿಂದಕ್ಕೆ ಎರಡು ಹೆಜ್ಜೆ ಇಟ್ಟಿದ್ದರೆ ಅವರನ್ನು ಕೂಗಿ ಎಬ್ಬಿಸಬಹುದಿತ್ತು. ನಾನು ಮುಂದಕ್ಕೆ ಹೋದೆ. ಬಾಗಿಲು, ಅಂಗಳ, ಗೋಡೆ. ಹಿಂದಿನಿಂದ ಅವರ ದನಿ ಕೇಳಿಸಿತು: ‘ವಿಲ್ಲೀ —’ ಒಂದೇ ಸಲ. ಆಮೇಲೆ ಕರೆಯಲಿಲ್ಲ. ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ತಿಳಿದು ಸುಮ್ಮನಾದರೋ ಏನೋ — ಇವತ್ತಿಗೂ ಅವರನ್ನು ಕೇಳುವ ಧೈರ್ಯ ಬಂದಿಲ್ಲ.

ಟ್ಯಾಕ್ಸಿ ಹಿಡಿದು ನೇರ ನಿಮ್ಮ ಮನೆಗೇ ಬಂದೆ. ಬೇರೆಲ್ಲಿಗೆ ಹೋದರೂ ಅನುಮಾನ ಬರುತ್ತದೆ ಎಂದು ಹೆದರಿ ಬಂದೆ. ನೀವು ಬಾಗಿಲು ತೆಗೆದು ನನ್ನ ಹಿಂದೆ ನೋಡಿದಿರಿ. ‘ಇವರೆಲ್ಲಿ? ನಿಮ್ಮನ್ನು ಕರ್ಕೊಂಡು ಬರ್ಲಿಕ್ಕೆ ಅಂತ ಹೋದದ್ದಲ್ವಾ?’

‘ಇಲ್ಲವಲ್ಲ ಅಕ್ಕ. ನನ್ನ ಹತ್ತಿರ ಬರಲೇ ಇಲ್ಲ. ನಾನು ರೆಸ್ಟೋರೆಂಟಿನಿಂದ ಟ್ಯಾಕ್ಸಿಯಲ್ಲಿ ಬಂದೆ.’

ಪೆಟ್ರೋಲ್ ಹಾಕಿಸಲಿಕ್ಕೆ ಹೋಗಿರಬೇಕು ಎಂದು ನೀವೇ ಸಮಾಧಾನ ಹೇಳಿಕೊಂಡಿರಿ. ನನಗೆ ಹಸಿವಾಗಿರಬಹುದೆಂದು ಬಡಿಸಿದಿರಿ. ನಾನು ಉಂಡೆ. ರೊಟ್ಟಿ ಮುರಿದು, ಸಾರು ಸುರಿದುಕೊಂಡು, ನಿಮ್ಮ ಎದುರಿಗೆ ಕೂತು ಉಂಡೆ. ನೀವು ಮತ್ತೆ ಮತ್ತೆ ಅವರಿಗೆ ಫೋನ್ ಮಾಡುತ್ತಿದ್ದಿರಿ. ಅದು ಸ್ವಿಚ್ ಆಫ್ ಎಂದು ನೀವು ಹೇಳಿದಾಗ ನಾನು ಇನ್ನೊಂದು ಸೌಟು ಸಾರು ಕೇಳಿದೆ.

ಆ ಮೇಜಿನಲ್ಲಿದ್ದವರೆಲ್ಲ ದೊಡ್ಡವರು, ಅವರವರ ದಾರಿ ಹುಡುಕಿಕೊಂಡರು. ಸೇಠ್ ಒಂದು ಮಾತು ಕಳಿಸಿದ: ‘ಖಲಾಸ್. ನೀನು ಅಲ್ಲಿ ಇರಲೇ ಇಲ್ಲ.’ ಎಲೆ ಹಿಡಿದಿದ್ದ ದಿನಕರಣ್ಣನೇ ಆಟ ನಡೆಸಿದವರು ಎಂದಾಯಿತು. ತರಕಾರಿ ಮಾರ್ಕೆಟಿನ ಆಫೀಸಿನವರು ಅವರನ್ನು ಕೆಲಸದಿಂದ ತೆಗೆದರು. ಪೊಲೀಸರಿಗೆ ಅವರು ನನ್ನ ಹೆಸರು ಹೇಳಲಿಲ್ಲ. ನನ್ನನ್ನು ಯಾರೂ ಹುಡುಕಿಕೊಂಡು ಬರಲಿಲ್ಲ, ಅದರಿಂದಲೇ ನನಗೆ ಗೊತ್ತು. ಎವ್ಲಿನ್ ಆಗ ಬಸುರಿ. ಅದಕ್ಕೇ ಇರಬೇಕು.

ನಿಮಗೊಬ್ಬರಿಗೆ ಮಾತ್ರ ಅವರು ನಿಜ ಹೇಳಿದರು. ಲಾಕಪ್ಪಿನಲ್ಲಿ ಅವರನ್ನು ನೋಡಿಕೊಂಡು ಬಂದ ನೀವು ನೇರ ನಮ್ಮ ಫ್ಲ್ಯಾಟಿಗೆ ಬಂದಿರಿ, ಶ್ರಾವ್ಯಳ ಕೈ ಹಿಡಿದುಕೊಂಡು. ಕೂರಲಿಲ್ಲ. ‘ವಿಲ್ಲಿ, ಒಂದೇ ಮಾತು ಹೇಳಿ. ಇವರು ನಿಮ್ಮನ್ನು ಕರೀಲಿಕ್ಕೆ ಹೋದದ್ದಂತೆ. ನೀವೇ ಅಲ್ಲಿ ಕೂರಿಸಿದ್ದಂತೆ. ಹೌದಾ?’

ನಿಮ್ಮ ಕಣ್ಣಿನಲ್ಲಿ ಇನ್ನೂ ಆಸೆ ಇತ್ತು. ಹೌದು ಎನ್ನಿ ಎಂದು ಬೇಡುತ್ತಿದ್ದಿರಿ. ಎವ್ಲಿನ್ ಪಕ್ಕದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ನಿಮ್ಮ ಮುಖ ಬಿಟ್ಟು ಕೈಗಳನ್ನು ನೋಡಿದೆ.

‘ಅವರು ಸುಳ್ಳು ಹೇಳ್ತಿದ್ದಾರೆ, ಅಕ್ಕ. ಬಹುಶಃ ನಾಚಿಕೆಗೆ.’

ನಾಚಿಕೆಗೆ — ಆ ಪದವನ್ನು ಯಾರೂ ನನ್ನ ಬಾಯಿಗೆ ಹಾಕಿರಲಿಲ್ಲ. ಇಲ್ಲ ಎಂದಷ್ಟೇ ಹೇಳಿದ್ದರೂ ಸಾಕಿತ್ತು. ನೀವು ನಂಬಲಿ ಎಂದು ಅದನ್ನು ನಾನೇ ಹುಡುಕಿ ಸೇರಿಸಿದೆ. ನೀವು ನಂಬಿದಿರಿ.

ಅವರನ್ನು ಕೆಲವು ವಾರ ಒಳಗಿಟ್ಟು ಊರಿಗೆ ಕಳಿಸಿದರು. ನೀವು ಮನೆ ಖಾಲಿ ಮಾಡುವಾಗ ಎವ್ಲಿನ್ ನಿಮ್ಮ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿದಳು, ಪೆಟ್ಟಿಗೆಗಳಿಗೆ ಹಗ್ಗ ಬಿಗಿದವನು ನಾನು. ‘ನೀವಾದರೂ ಇದ್ದಿರಲ್ಲ ವಿಲ್ಲಿ’ ಎಂದಿರಿ.

ನೀವು ಹೋದ ಮೇಲೆ ನಾವು ಅಲ್ ಖೌದ್‌ಗೆ ಮನೆ ಬದಲಿಸಿದೆವು. ಬೆಲ್ ಆದರೆ ಬಾಗಿಲು ತೆಗೆಯಲು ಎವ್ಲಿನ್‌ಳನ್ನು ಕಳಿಸುತ್ತಿದ್ದೆ. ಸಿಗ್ನಲ್‌ನಲ್ಲಿ ಪೊಲೀಸ್ ಗಾಡಿ ಪಕ್ಕಕ್ಕೆ ಬಂದರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಮನೆಯೊಳಗೆ ಇಸ್ಪೀಟು ತರಬಾರದೆಂದು ಮಕ್ಕಳಿಗೆ ಬೈದದ್ದನ್ನು ಕಂಡು ಎವ್ಲಿನ್ ನನ್ನನ್ನು ಒಳ್ಳೆಯ ಅಪ್ಪ ಎಂದುಕೊಂಡಳು. ಪೊಲೀಸರ ಭಯ ಕ್ರಮೇಣ ಸವೆಯಿತು, ಸುಳ್ಳಲ್ಲ. ಉಳಿದದ್ದು ಬೇರೆ ಭಯ: ದಿನಕರಣ್ಣ ಯಾವತ್ತಾದರೂ ಫೋನ್ ಮಾಡಿಯಾರು ಎಂಬುದು. ಅವರು ಮಾಡಲೇ ಇಲ್ಲ.

ಕಳೆದ ತಿಂಗಳು ಶ್ರಾವ್ಯ ಬಂದಳು. ಕೆಲಸಕ್ಕೆಂದು ಮಸ್ಕತ್‌ಗೆ ಬಂದವಳನ್ನು ನೀವೇ ನಮ್ಮಲ್ಲಿಗೆ ಕಳಿಸಿದ್ದಿರಿ, ಉಪ್ಪಿನಕಾಯಿ ಕೊಟ್ಟು. ಎವ್ಲಿನ್ ಚಹಾ ಮಾಡಲು ಹೋದಾಗ ಹುಡುಗಿ ನನಗಷ್ಟೇ ಕೇಳುವಂತೆ ಹೇಳಿದಳು — ಮದುವೆ ಮನೆಗಳಲ್ಲಿ ಊಟವಾದ ಮೇಲೆ ಗಂಡಸರು ಎಲೆ ಹಾಕಲು ಕೂತರೆ ಅಮ್ಮ ಎಲ್ಲರೆದುರು ಅಪ್ಪನ ತೋಳು ಹಿಡಿದು ಎಬ್ಬಿಸಿಕೊಂಡು ಹೋಗುತ್ತಾಳೆ, ಜನ ನಗುತ್ತಾರೆ, ಅಪ್ಪ ಎದ್ದು ಹೋಗುತ್ತಾರೆ. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದಳು: ‘ಅಂಕಲ್, ಟೆಲ್ ಮಿ ಆನೆಸ್ಟ್ಲಿ. ಅಪ್ಪ ನಿಜವಾಗಿ ಆಡ್ತಿದ್ರಾ?’

ನನ್ನ ನಾಲಿಗೆಯ ಮೇಲೆ ಹಳೆಯ ಉತ್ತರ ಸಿದ್ಧವಾಗಿಯೇ ಇತ್ತು. ಅದು ಎಷ್ಟು ಬೇಗ ಬಂದು ನಿಂತಿತೆಂದರೆ ನನಗೇ ಭಯವಾಯಿತು. ಇಲ್ಲ ಮಗಾ, ಎಂದೆ. ಆಡ್ತಿದ್ದದ್ದಲ್ಲ. ನಾನು ಕೂರಿಸಿದ್ದು. ಎಲ್ಲವನ್ನೂ ಹೇಳಿದೆ. ಚಹಾದ ತಟ್ಟೆ ಹಿಡಿದು ಎವ್ಲಿನ್ ಬಾಗಿಲಲ್ಲೇ ನಿಂತು ಕೇಳಿದಳು.

ಶ್ರಾವ್ಯ ಅಳಲಿಲ್ಲ, ಬೈಯಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ‘ನನಗೆ ಹೇಳಿ ಎಂತ ಪ್ರಯೋಜನ? ಅಮ್ಮನಿಗೆ ಹೇಳಿ’ ಎಂದು ಹೊರಟಳು. ಅವಳು ಹೋದ ಮೇಲೆ ಎವ್ಲಿನ್, ‘ಲೀಲಕ್ಕನ ಪಾತ್ರೆ ನಾನು ಕೈಯಾರೆ ಕಟ್ಟಿ ಕೊಟ್ಟೆ, ವಿಲ್ಲಿ’ ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಮಾತು ಕಡಿಮೆ.

ನಿನ್ನೆ ದಿನಕರಣ್ಣನಿಗೆ ಫೋನ್ ಮಾಡಿದೆ. ಹಲೋ ಎಂದೆ, ಅಷ್ಟೇ.

‘ವಿಲ್ಲಿಯಾ?’

ಊರಿಗೆ ಬರುತ್ತೇನೆ, ಎಲ್ಲ ಹೇಳುತ್ತೇನೆ ಎಂದು ತೊದಲಿದೆ.

‘ನನ್ನ ಹತ್ತಿರ ಎಂತದ್ದೂ ಹೇಳುವುದು ಬೇಡ ಮಾರಾಯ. ನಾನು ಅಲ್ಲೇ ಇದ್ದೆನಲ್ಲ’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದರೆ ನನಗೆ ಸುಲಭವಾಗುತ್ತಿತ್ತು. ‘ಅವಳಿಗೆ ಹೇಳು. ಅವಳು ನಂಬಿದ್ದು ನಿನ್ನನ್ನಲ್ವಾ.’

ಬರುವ ವಾರ ಬರುತ್ತೇನೆ, ಲೀಲಕ್ಕ. ಇದೆಲ್ಲ ಹೊರಬಿದ್ದ ಮೇಲೆ ಇಲ್ಲಿ ನನ್ನ ಕೆಲಸ, ನನ್ನ ಮಕ್ಕಳ ಶಾಲೆ ಏನಾಗುತ್ತದೋ — ಹೆದರಿಕೆ ಹೋಗಿಲ್ಲ, ಹೋಗುವುದೂ ಇಲ್ಲ. ನಾನು ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ಒಂದೇ ಒಂದು ಕೇಳುತ್ತೇನೆ. ನಾನು ಮಾತಾಡುವಾಗ ದಿನಕರಣ್ಣ ಒಳಗೆ ಎದ್ದು ಹೋಗದ ಹಾಗೆ ನೋಡಿಕೊಳ್ಳಿ. ಅಕ್ಕಪಕ್ಕದವರನ್ನೂ ಕರೆಯಿರಿ, ಮದುವೆ ಮನೆಯಲ್ಲಿ ನಕ್ಕವರಿದ್ದರೆ ಅವರನ್ನೂ. ಎಲ್ಲರೆದುರು ಹೇಳುತ್ತೇನೆ. ನಾನು ಹೇಳಿ ಮುಗಿಸಿದ ಮೇಲೆ ನನ್ನನ್ನು ನೋಡುತ್ತಾ ಕೂರಬೇಡಿ. ಅವರನ್ನು ನೋಡಿ.